ಮಗನ ನಿದ್ದೆ, ನನ್ನ ಓಲೆ

ಕೂಸಿರುವ ಮನೆಯಲ್ಲಿ ನಗುವುದಕ್ಕೆ ಬೇರೆ ಏರ್ಪಾಡು ಬೇಡ, ನಿದ್ದೆ ಒಂದಕ್ಕೇ ಬೇಕು. ಬೇರೆಯವರ ಮಕ್ಕಳು ಬೆರಳು ಚೀಪಿ ಮಲಗುತ್ತವೆ. ನನ್ನ ಮಗನಿಗೆ ನನ್ನ ಕಿವಿಯೇ ಆಗಬೇಕು. ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು, ಎಳೇ ವೀಳ್ಯದೆಲೆ ಸವರಿದ ಹಾಗೆ ಸವರುತ್ತ ಸವರುತ್ತ ಕಣ್ಣು ತೇಲಿಸುತ್ತಾನೆ. ತುಮಕೂರಿನ ಮಧ್ಯಾಹ್ನದಲ್ಲಿ ಬೀದಿಯ ಜಟಕಾ ಸದ್ದೂ ಬಾವಿಯೊಳಗಿಂದ ಬಂದಂತೆ ಕೇಳಿಸುತ್ತದೆ. ಎಷ್ಟೋ ಸಲ ಅವನಿಗಿಂತ ಮೊದಲು ನಾನೇ ಮಲಗಿರುತ್ತೇನೆ.

ಆದರೆ ಓಲೆ ಬೆರಳಿಗೆ ಚುಚ್ಚಿದರೆ ಕೇರಿಯೆಲ್ಲ ಏಳುವಂತೆ ಕಿರುಚುತ್ತಾನೆ. ಅದಕ್ಕೇ ಓಲೆ ಬಿಚ್ಚಿಟ್ಟೆ. ಅತ್ತೆ ಹೌಹಾರಿದರು.

"ಮುತ್ತೈದೆ ಬೋಳು ಕಿವೀಲಿ ಓಡಾಡ್ತಾಳೇನೇ? ಕುಣಿಗಲ್‌ಗೆ ನಿನ್ನ ತಮ್ಮನ ಮದುವೆಗೂ ಹೀಗೇ ಬರೋದಾದ್ರೆ ನೀನು ಬರಲೇಬೇಡ."

ನನಗಿರುವುದು ಒಬ್ಬನೇ ತಮ್ಮ.

ಬೇವು

ಗುಬ್ಬಿಯಿಂದ ನಮ್ಮ ಯಜಮಾನರ ದೊಡ್ಡಮ್ಮ ಬಂದರು. ಬೆರಳು ಚೀಪುವ ಮಕ್ಕಳಿಗೆಲ್ಲ ಬೇವು ಅರೆದು ಹಚ್ಚಿ ಹೆಸರಾದವರು. ನನ್ನ ಎರಡು ಕಿವಿಗೂ ಮೆತ್ತಿದರು.

"ದೊಡ್ಡಮ್ಮ, ಇವ್ನು ಕಿವಿ ಸವರ್ತಾನೆ, ತಿನ್ನಲ್ಲ."

"ಸುಮ್ನಿರೇ, ನಂಗೆ ಹೇಳಿಕೊಡ್ಬೇಡ."

ಬೇವು ತಂಪು. ಮಗ ಇನ್ನೂ ಸೊಗಸಾಗಿ ಮಲಗಿದ. ಎದ್ದ ಮೇಲೆ ದೊಡ್ಡಮ್ಮ ಮುದ್ದಿಗೆಂದು ಎತ್ತಿಕೊಂಡರೆ, ಅದೇ ಬೆರಳನ್ನು ಅವರ ಬಾಯಿಗೇ ಇಟ್ಟ. ಸಾಯಂಕಾಲದವರೆಗೂ ದೊಡ್ಡಮ್ಮ ಬೆಲ್ಲದ ಡಬ್ಬಿಯ ಪಕ್ಕ ಬಿಟ್ಟು ಕದಲಲಿಲ್ಲ.

ಒಂದು ಕಿವಿ

"ಒಂದು ಕಿವಿ ನಮ್ಮಮ್ಮನಿಗೆ, ಒಂದು ಮಗನಿಗೆ," ಎಂದು ಯಜಮಾನರು ತೀರ್ಪು ಕೊಟ್ಟರು. ಇವರ ಗಂಟೇನೂ ಹೋಗುವುದಿಲ್ಲವಲ್ಲ! ಎಡಗಿವಿಗೆ ಮಾತ್ರ ಓಲೆ ಹಾಕಿಕೊಂಡು ಎದುರುಮನೆಯ ಅರಿಸಿನ ಕುಂಕುಮಕ್ಕೆ ಹೋದೆ.

"ಅಯ್ಯೋ, ನಿಮ್ಮ ಓಲೆ ಬಿದ್ದೋಯ್ತಲ್ರೀ!" ಎಂದು ಮನೆಯಾಕೆ ಚಾಪೆ ಕೊಡವಿದರು. ಬಂದ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ನೆಲ ತಡಕಿದರು. ನಾನು ನಿಜ ಹೇಳಬೇಕು, ಅಷ್ಟರಲ್ಲಿ ಹೊಸಿಲ ಸಂದಿಯಲ್ಲಿ ಓಲೆಯೊಂದು ಸಿಕ್ಕೇಬಿಟ್ಟಿತು! ನೋಡಿದರೆ ಮನೆಯಾಕೆ ಹಿಂದಿನ ವರ್ಷ ಕಳೆದುಕೊಂಡದ್ದು. ಕದ್ದಳೆಂದು ಆಗ ಕೆಲಸದವಳನ್ನು ಬಿಡಿಸಿದ್ದರು. ಆಮೇಲೆ ನನ್ನ ಕಿವಿಯ ಮಾತು ಯಾರೂ ಎತ್ತಲಿಲ್ಲ.

ಮಾವನವರು

ಕೊನೆಗೆ ಮಾವನವರೇ ಎದ್ದರು. ಕುಣಿಗಲ್‌ನಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು. ಅವರು ಹಿಂಡದ ಕಿವಿ ಆ ಊರಲ್ಲಿ ಇರಲಿಲ್ಲ.

"ಓಲೆ ಹಾಕ್ಕೊಂಡು ನಡೀಮ್ಮ ಮದುವೆಗೆ. ಇವ್ನಿಗೆ ಶಿಸ್ತು ನಾನು ಕಲಿಸ್ತೀನಿ."

ಹೋದೆವು. ಧಾರೆಯ ಹೊತ್ತಿಗೆ ಮಗ ಅಳು ತೆಗೆದ. ಮಾವನವರು ಎತ್ತಿಕೊಂಡು ಜಗಲಿಗೆ ನಡೆದರು. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಅಕ್ಷತೆ ಹಾಕಿ ಓಡಿ ಬಂದು ನೋಡುತ್ತೇನೆ: ಚಪ್ಪರದ ಸೋಗೆಯ ಸಂದಿಯಿಂದ ಬಿಸಿಲು ಕಾಸುಕಾಸಾಗಿ ಉದುರುತ್ತಿದೆ. ಮಗ ಅಜ್ಜನ ಭುಜದ ಮೇಲೆ ಯಾವ ಲೋಕದಲ್ಲೋ ಇದ್ದಾನೆ. ಮುಷ್ಟಿಯಲ್ಲಿ ಮೇಷ್ಟರ ಕಿವಿ! ಕತ್ತು ವಾರೆ ಮಾಡಿಕೊಂಡು ಅವರೂ ತೂಕಡಿಸುತ್ತಿದ್ದಾರೆ.

ಅವರ ಹಳೇ ಶಿಷ್ಯನೊಬ್ಬ, ಈಗ ಗಿರಿಜಾಮೀಸೆಯ ದೊಡ್ಡ ಆಳು, ಪಾನಕ ತಂದವನು ಲೋಟ ಹಿಡಿದು ಹಾಗೇ ನಿಂತ. ಮೆಲ್ಲಗೆ ಮಗುವಿನ ಕಡೆ ಬಗ್ಗಿ, "ಬಿಡ್ಬೇಡ ಕಣಪ್ಪ, ಇನ್ನೊಂಚೂರು ಹಿಂಡು," ಎಂದ.

ಮೇಷ್ಟರು ಕಣ್ಣು ತೆರೆಯಲಿಲ್ಲ, ಕತ್ತೂ ತಿರುಗಿಸಲಿಲ್ಲ.

"ಸದ್ದು ಮಾಡ್ಬೇಡ್ವೋ. ಇವ್ನೆದ್ರೆ ನಿನ್ ಕಿವಿ ಕೊಡ್ಬೇಕಾಗುತ್ತೆ."

ಲೋಟ ನೆಲಕ್ಕೆ ಬಿತ್ತು. ಗಿರಿಜಾಮೀಸೆಯವನು ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದ.