ಬಿಸು ಕಣಿಯ ನಾಲ್ಕು ಬಾಳೆಹಣ್ಣು

ಬೆಳಿಗ್ಗೆ ನಾಲ್ಕೂವರೆಗೆ ಹೊಡೆಯಬೇಕಾಗಿದ್ದ ಅಲಾರಂ ಹೊಡೆಯಲಿಲ್ಲ. ದಮಯಂತಿ ಅದನ್ನು ಸಂಜೆಯ ನಾಲ್ಕೂವರೆಗೆ ಇಟ್ಟು, ತನ್ನಷ್ಟು ಶಿಸ್ತಿನ ಸೊಸೆ ಬೆಳ್ತಂಗಡಿ ಪೇಟೆಯಲ್ಲೇ ಇಲ್ಲವೆಂದುಕೊಂಡು ಮಲಗಿದ್ದಳು.

ಹಾಲಿನ ವ್ಯಾನಿನ ಹಾರನ್ನಿಗೆ ಎಚ್ಚರವಾದಾಗ ಆರು ದಾಟಿತ್ತು. ತುಳುವರ ಹೊಸ ವರ್ಷವಾದ ಬಿಸು ಹಬ್ಬದ ದಿನ ಮೊದಲು ಕಣ್ಣಿಗೆ ಬಿದ್ದದ್ದೇ ವರ್ಷವಿಡೀ ಜೊತೆಗಿರುತ್ತದೆ ಎನ್ನುವುದು ಆ ಮನೆಯ ನಂಬಿಕೆ. ಹಾಗಾಗಿ ಅವಳು ಕಣ್ಣು ಮುಚ್ಚಿಕೊಂಡೇ, ಗೋಡೆ ತಡವುತ್ತಾ, ಮೊದಲು ನೋಡಲೆಂದೇ ಕಣಿ ಜೋಡಿಸಿಟ್ಟಿದ್ದ ದೇವರ ಕೋಣೆಗೆ ಓಡಿದಳು. ಬಾಗಿಲಲ್ಲಿ ಕಾಲಿನ ಹೆಬ್ಬೆರಳು ಏನಕ್ಕೋ ರಪ್ಪನೆ ಬಡಿಯಿತು. ಕಣ್ಣು ತಾನಾಗಿ ತೆರೆಯಿತು. ಎದುರಿಗೆ ಮಾವನ ವಾಕರ್!

ಎಂಟು ತಿಂಗಳಿಂದ ಮಾವನ ಮಂಚದ ಬಳಿ ಮೈ ಒರೆಸುವ ಬೈರಾಸು ಒಣಗಿಸಲಿಕ್ಕೆ ಮಾತ್ರ ಉಪಯೋಗಕ್ಕೆ ಬರುತ್ತಿದ್ದ ವಾಕರ್ ಇಲ್ಲಿಗೆ ಹೇಗೆ ಬಂತು? ನೆಲ ಒರೆಸುವಾಗ ಗಂಡ ಧನರಾಜ್ ಎತ್ತಿಟ್ಟಿರಬೇಕು. ‘ಆಮೇಲೆ ಸರಿಸುವ’ ಎಂದುಕೊಂಡು ಒಳಗೆ ನುಗ್ಗಿದಳು.

ಮಾವ ತುಕ್ರಪ್ಪನವರಿಗೆ ಎಂಬತ್ತನಾಲ್ಕು. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಬಿದ್ದು ತೊಡೆಯ ಎಲುಬು ಮುರಿದುಕೊಂಡವರು ಆಮೇಲೆ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. “ಎಲುಬು ಕೂಡಿದೆ ಅಕ್ಕ, ಧೈರ್ಯ ಕೂಡ್ಲಿಲ್ಲ. ಹೀಗೇ ಮಲಗಿದ್ರೆ ಆಮೇಲೆ ಏಳ್ಲಿಕ್ಕೇ ಆಗುದಿಲ್ಲ” ಎಂದು ದಿನಾ ಬರುವ ಹೋಮ್ ನರ್ಸ್ ಸಜ್ನಾ ಎಚ್ಚರಿಸಿದ್ದಳು. ಬೇಡಿ, ಬೈದು, ಅತ್ತು ಸೋತ ದಮಯಂತಿ ಕೊನೆಗೆ ಒಂದು ಒಪ್ಪಂದ ಮಾಡಿಕೊಂಡಿದ್ದಳು. ಈ ಬಿಸುವಿಗೆ ಕಣಿ ಲಕ್ಷಣವಾಗಿ ಕಂಡರೆ ಮಾವ ವಾಕರ್ ಹಿಡಿಯುವುದು. ಬೇಗ ಎಚ್ಚರವಾಗಿ ಬೇರೆ ಏನಾದರೂ ಕಂಡಾರೆಂದು ಮಲಗುವ ಮೊದಲೇ ಅವರ ಒಪ್ಪಿಗೆ ಪಡೆದು ಕಣ್ಣಿಗೆ ಬೈರಾಸು ಕಟ್ಟಿದ್ದಳು.

ಹಿಂದಿನ ದಿನವೇ ಜೋಡಿಸಿಟ್ಟ ಕಣಿಯ ಹರಿವಾಣದಲ್ಲಿ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಹಿಂಗಾರ, ಕನ್ನಡಿ ಎಲ್ಲ ಸರಿಯಾಗಿದ್ದವು. ಬಾಳೆಹಣ್ಣಿನ ಚಿಪ್ಪಿನಲ್ಲಿ ಮಾತ್ರ ನಾಲ್ಕು ಹಣ್ಣು ಮಾಯ. ಉಳಿದದ್ದು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು.

“ದಮಯಂತೀ, ಕಣಿ ತರುದಾ, ಅಲ್ಲ ಮುಂದಿನ ಬಿಸುವಿಗೆ ತರುದಾ?” ಮಂಚದಿಂದ ಮಾವನ ಸ್ವರ ಬಂತು.

“ಬಂದೆ ಮಾವ! ಕಣ್ಣು ಬಿಡ್ಬೇಡಿ!” ಎಂದವಳು ಗಂಡನನ್ನು ಅಲುಗಾಡಿಸಿ ಎಬ್ಬಿಸಿದಳು. “ಶುಗರ್ ಮುನ್ನೂರು ಉಂಟು, ದೇವರ ಬಾಳೆಹಣ್ಣಿಗೆ ಕೈ ಹಾಕ್ಲಿಕ್ಕೆ ನಾಚಿಕೆ ಆಗುದಿಲ್ವಾ ನಿಮಗೆ?”

“ನಾನು ಮಲಗಿದಲ್ಲಿಂದ ಎದ್ದೇ ಇಲ್ಲ ಮಾರಾಯ್ತಿ!”

ಈ ಗಲಾಟೆಗೆ ಎದುರುಮನೆಯ ನಿವೃತ್ತ ಮೇಷ್ಟ್ರು ಪ್ರಭಾಚಂದ್ರ ಬಂದರು. ಚಿಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ, “ಇಲಿಯಲ್ಲ, ಬೆಕ್ಕೂ ಅಲ್ಲ. ಹಲ್ಲಿನ ಗುರುತಿಲ್ಲ. ಇದು ಮನುಷ್ಯರದ್ದೇ ಕೈ” ಎಂದು ತೀರ್ಪು ಕೊಟ್ಟು, ಕಾಪಿ ಹೊಡೆದ ಹುಡುಗನನ್ನು ನೋಡುವಂತೆ ಧನರಾಜನನ್ನು ನೋಡಿದರು.

ಪಕ್ಕದ ಮನೆಯ ಮೈಮೂನಮ್ಮ ಬೇಲಿಯಿಂದಲೇ ಕೇಳಿದರು. “ಏನು ದಮಯಂತಿ, ಪಾಯಸದ ಪರಿಮಳ ಬರುವ ಹೊತ್ತಿಗೆ ಬೊಬ್ಬೆ ಬರ್ತಾ ಉಂಟಲ್ಲ?” ಸಂಗತಿ ತಿಳಿದದ್ದೇ ತಡ, ತಮ್ಮ ಮನೆಯಲ್ಲಿ ತೂಗುಹಾಕಿದ್ದ ಗೊನೆಯಿಂದ ಒಂದು ಇಡೀ ಚಿಪ್ಪು ಕೊಯ್ದು ತಂದರು. ಅಷ್ಟರಲ್ಲಿ ಸಜ್ನಾಳೂ ಬಂದಳು.

“ಅಜ್ಜ, ಏಳೂವರೆ ಆಯ್ತು. ಗಂಜಿ ಕುಡಿದು ಬಿಪಿ ಮಾತ್ರೆ ತಗೊಳ್ಳಿ.”

“ಕಣಿ ಕಾಣದೆ ನೀರೂ ಇಲ್ಲ.”

“ಹಸಿವಾಗುದಿಲ್ವಾ?”

“ಏನೂ ಇಲ್ಲ ಮಗಾ,” ಎಂದು ತುಕ್ರಪ್ಪನವರು ಸಣ್ಣಗೆ ತೇಗಿದರು.

‘ಪಾಪ, ಖಾಲಿ ಹೊಟ್ಟೆಯ ವಾಯು’ ಎಂದು ದಮಯಂತಿಯ ಕರುಳು ಚುರುಕ್ಕೆಂದಿತು. ಹೊಸ ಚಿಪ್ಪನ್ನು ಇಟ್ಟು, ದೀಪ ಹಚ್ಚಿ, ಹರಿವಾಣ ಎತ್ತಿದಳು.

“ಭಾರ ಉಂಟು, ನಾನು ಹಿಡೀತೇನೆ,” ಎಂದ ಧನರಾಜ್.

“ಬೇಡ. ನಿಮ್ಮ ಕೈಗೆ ಕೊಟ್ರೆ ಈ ಚಿಪ್ಪೂ ಉಳಿಯುದಿಲ್ಲ,” ಎಂದು ತಲೆಯೆತ್ತಿಕೊಂಡು ಹೊರಟಳು. ತಲೆ ಮೇಲಿದ್ದುದರಿಂದ ಕೆಳಗಿದ್ದದ್ದು ಕಾಣಲಿಲ್ಲ. ಆಮೇಲೆ ಸರಿಸಬೇಕೆಂದುಕೊಂಡಿದ್ದ ವಾಕರ್ ಇನ್ನೂ ಬಾಗಿಲಲ್ಲೇ ಇತ್ತು.

ಮೊದಲು ಹರಿವಾಣ, ಮೇಲಿಂದ ದಮಯಂತಿ. ಅಕ್ಕಿ ಚೆಲ್ಲಾಪಿಲ್ಲಿಯಾಯಿತು, ದೀಪ ಆರಿತು. ಸೌತೆಕಾಯಿ ಮಾತ್ರ ಉರುಳುತ್ತಾ ಮಾವನ ಕೋಣೆ ಹೊಕ್ಕು ಮಂಚದಡಿ ಸೇರಿತು.

“ಅಯ್ಯೋ ಮಗಳೇ, ಬಿದ್ದೆಯಾ?”

ಎಲ್ಲರೂ ತಿರುಗಿ ನೋಡಿದರೆ ಕಣ್ಣಿನ ಬೈರಾಸನ್ನು ಕೊರಳಿಗೆ ಇಳಿಸಿಕೊಂಡು ತುಕ್ರಪ್ಪನವರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ತಮ್ಮದೇ ಎರಡು ಕಾಲಿನ ಮೇಲೆ!

ನೋವು ಮರೆತು ದಮಯಂತಿ ಕೂಗಿದಳು. “ಮಾವ, ನೀವು ನಡೆದ್ರಿ!”

“ಕಣಿಯ ಮಹಿಮೆ!” ಮೇಷ್ಟ್ರು ಕೈಮುಗಿದರು. ಮೈಮೂನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಗ ಮಂಚದಡಿಯಿಂದ ಸಜ್ನಾಳ ಸ್ವರ ಕೇಳಿತು. “ಅಕ್ಕ, ಸೌತೆಕಾಯಿ ಸಿಕ್ತು. ಜೊತೆಗೆ ಬಾಳೆಹಣ್ಣಿನ ಸಿಪ್ಪೆಯೂ ಉಂಟು. ಸರಿಯಾಗಿ ನಾಲ್ಕು.”

ತುಕ್ರಪ್ಪನವರು ಮೆಲ್ಲಗೆ ಬೈರಾಸನ್ನು ಮತ್ತೆ ಕಣ್ಣಿಗೆ ಏರಿಸಿಕೊಂಡರು.

“ನಾಲ್ಕೂವರೆಯಿಂದ ಕಾದೆ. ನೀನು ಬರ್ಲಿಲ್ಲ. ಕಣಿ ತಪ್ಪಬಾರ್ದಲ್ಲ, ನಾನೇ ಹೋಗಿ ಕಂಡೆ. ಹಸಿವೂ ಇತ್ತು.”

“ಹಾಗಾದ್ರೆ ವಾಕರ್ ಅಲ್ಲೇ ಯಾಕೆ ಬಿಟ್ಟದ್ದು?”

“ಬರುವಾಗ ಎರಡು ಕೈಯಲ್ಲೂ ಬಾಳೆಹಣ್ಣು. ವಾಕರ್ ಹಿಡಿಯುದು ಹೇಗೆ?”

“ಯಾವಾಗಿಂದ ನಡೀತೀರಿ ಮಾವ?”

“ಒಂದು ತಿಂಗಳಾಯ್ತು, ಯಾರೂ ಇಲ್ಲದಾಗ.” ಬೈರಾಸಿನ ಒಳಗಿಂದ ಸ್ವರ ಸಣ್ಣದಾಯಿತು. “ನಡೆದ್ರೆ ಸಜ್ನಾ ಬರುದು ನಿಲ್ತದಲ್ಲ? ಪೇಪರ್ ಓದಿ ಹೇಳುವವರು ಯಾರು?”

ದಮಯಂತಿಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ಧನರಾಜ್ ಮಾತ್ರ ಸೊಂಟಕ್ಕೆ ಕೈಯಿಟ್ಟು ಹೆಂಡತಿಯ ಮುಂದೆ ನಿಂತ. ಅವಳು ಅತ್ತ ನೋಡದೆ ಏಳಲು ಹೊರಟಳು. ಏಳಲಾಗಲಿಲ್ಲ. ಪಾದ ಆಗಲೇ ಹಲಸಿನಂತೆ ಊದಿತ್ತು.

ಸಜ್ನಾ ಮುಟ್ಟಿ ನೋಡಿದಳು. “ಉಳುಕಿದೆ ಅಕ್ಕ. ಮೂರು ವಾರ ಕಾಲು ಊರುವ ಹಾಗಿಲ್ಲ. ಮಲಗಿಯೇ ಇರ್ಬೇಕು. ನಾನು ದಿನಾ ಬಂದು ಪಟ್ಟಿ ಕಟ್ತೇನೆ.”

“ದಿನಾ ಬರ್ತೀಯಾ?” ತುಕ್ರಪ್ಪನವರು ಬೈರಾಸು ಕಿತ್ತೆಸೆದರು. ಬಿಸು ಕಣಿ ಈಗ ಕಂಡವರ ಹಾಗೆ ಅವರ ಮುಖ ಬೆಳಗಿತು. “ಹಾಗಾದ್ರೆ ಪಾಯಸ ನಾನೇ ಮಾಡ್ತೇನೆ. ಮೈಮೂನಮ್ಮ, ಹೆಸರುಬೇಳೆ ಎಷ್ಟು ಹಾಕುದು?”

ನಾಲ್ಕು ಹೆಜ್ಜೆ ನಡೆದವರು ಏನೋ ನೆನಪಾಗಿ ತಿರುಗಿದರು.

“ಹೌದಾ ಮಗಳೇ, ನೀನು ಇವತ್ತು ಬೆಳಿಗ್ಗೆ ಮೊದಲು ಕಂಡದ್ದು ಏನು?”

ದಮಯಂತಿ ಬಾಯಿ ತೆರೆದಳು. ಅಷ್ಟರಲ್ಲಿ ಧನರಾಜ್ ಅದನ್ನು ತಂದು, ನಾಲ್ಕು ಕಾಲನ್ನೂ ಸರಿಯಾಗಿ ಊರಿ, ಅವಳ ಮುಂದೆ ನಿಲ್ಲಿಸಿದ.