‘ಖಾಲಿ ಕಪ್’ ನೋಡಿ ನಗದವಳು

ಲಕ್ಷ್ಮೇಶ್ವರದ ಶಿವರಂಜನಿ ಸಂಗಪ್ಪ ಬೆಲ್ಲದ, ವಯಸ್ಸು ಇಪ್ಪತ್ಮೂರು, ಇವರು ಯುವತಿಯಲ್ಲ ಎಂಬುದು ಕಳೆದ ತಿಂಗಳ ಒಂದು ಮಂಗಳವಾರ ಮಧ್ಯಾಹ್ನ ಗದಗಿನಲ್ಲಿ ಅಧಿಕೃತವಾಗಿ ಸಾಬೀತಾಯಿತು. ಈ ಬಗ್ಗೆ ಯಾರ ತಕರಾರೂ ಇರಲಿಲ್ಲ. ಶಿವರಂಜನಿಯದು ಸ್ವಲ್ಪ ಇತ್ತು. ಆದರೆ ತಕರಾರು ಸಲ್ಲಿಸುವ ಕಿಟಕಿ ಯುವತಿಯರಿಗಷ್ಟೇ ಮೀಸಲಾಗಿದ್ದರಿಂದ ಅದೂ ಅಲ್ಲೇ ಇತ್ಯರ್ಥವಾಯಿತು.

ಶಿವರಂಜನಿ ಗದಗಿನ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗೋಡೆಯ ಮೇಲಿನ ಅಕ್ಷರ ಓದಿಸಿ ಕಣ್ಣಿನ ನಂಬರು ತೆಗೆಯುವುದು ಅವಳ ಕೆಲಸ. ಅದೆಂಥ ಹಿಗ್ಗು ಅವಳಿಗೆ! ತಡವರಿಸುತ್ತ ಬಂದ ಅಜ್ಜ ಯಾವನಾದರೂ ಹೊಸ ಕನ್ನಡಕ ಏರಿಸಿ, "ಅಯ್ಯ, ಅದು ಗಡಿಯಾರೇನವಾ! ನಾ ದೇವರ ಫೋಟೋ ಅಂತ ಕೈಮುಗಿದಿದ್ನಿ" ಅಂದರೆ ಅವಳಿಗೆ ಆವತ್ತು ಊಟವೂ ನೆನಪಾಗುತ್ತಿರಲಿಲ್ಲ. ತೊಂದರೆ ಒಂದೇ. ಸಂಜೆ ಅಂಗಡಿ ಮುಚ್ಚಿ ಸ್ಟ್ಯಾಂಡಿಗೆ ಓಡಿದರೆ ಒಮ್ಮೊಮ್ಮೆ ಲಕ್ಷ್ಮೇಶ್ವರದ ಬಸ್ಸು ಇರುತ್ತಿತ್ತು, ಒಮ್ಮೊಮ್ಮೆ ಅದರ ಹೊಗೆ ಇರುತ್ತಿತ್ತು.

ಬಜಾರಿನಲ್ಲಿ ಬೆಲ್ಲದ ವ್ಯಾಪಾರ ಮಾಡುವ ಅವಳ ಅಪ್ಪ ಸಂಗಪ್ಪ ಕೆಟ್ಟವನಲ್ಲ. ಆದರೆ ಕಾಯುವುದಕ್ಕೂ ಒಂದು ಮಿತಿ ಇದೆ ಎಂದು ನಂಬಿದವನು.

"ಈ ತಿಂಗಳ ಕಡೀತನಕ ಗದಗಿನ್ಯಾಗ ಒಂದು ಮರ್ಯಾದಸ್ತ ಜಾಗಾ ನೋಡ್ಕೋವಾ. ಇಲ್ಲಂದ್ರ ನೌಕರಿ ಬಿಡು. ಶಿರಹಟ್ಟಿಯವರು ನಿನ್ನ ನೋಡಾಕ ತುದಿಗಾಲ ಮ್ಯಾಲೆ ನಿಂತಾರ, ಹೂಂ ಅಂದುಬಿಡ್ತೇನಿ."

"ಅವರ ಹುಡುಗ ಏನು ಮಾಡ್ತಾನಪ್ಪಾ?"

"ಹೊಲ ಐತಿ."

"ನಾ ಕೇಳಿದ್ದು ಹುಡುಗ ಏನು ಮಾಡ್ತಾನಂತ."

"ಹೇಳಿದ್ನೆಲ್ಲವಾ, ಹೊಲ ಐತಿ."

ಮರ್ಯಾದಸ್ತ ಜಾಗ ಎಂದರೆ ಯುವತಿ ನಿಲಯ, ನೌಕರಿಗಿರುವ ಯುವತಿಯರಿಗಷ್ಟೇ ಮೀಸಲಾದ ಹಾಸ್ಟೆಲು. ಗೋಡೆ ಎತ್ತರ, ಬಾಡಿಗೆ ಕಡಿಮೆ, ಬೆಳಿಗ್ಗೆದ್ದರೆ ಬಿಸಿನೀರು. ಇಷ್ಟೆಲ್ಲ ಇದ್ದ ಮೇಲೆ ನಲವತ್ತು ದಾಟಿದವರೂ ಇಪ್ಪತ್ತೆರಡರ ದಾಖಲೆ ಹಿಡಿದು ಬರತೊಡಗಿದ್ದರು. ಮುಂಡರಗಿಯ ಒಬ್ಬಾಕೆಯಂತೂ ತಾನು ತನ್ನ ಮೊಮ್ಮಗಳಿಗಿಂತ ಚಿಕ್ಕವಳೆಂದು ಪ್ರಮಾಣಪತ್ರ ತಂದಿದ್ದಳು, ಅದರ ಮೇಲೆ ಮೂರು ಸಿಕ್ಕಾ ಇದ್ದವು. ಆದಕಾರಣ ಆಡಳಿತ ಸಮಿತಿಯು ದಾಖಲೆಗಳ ಮೇಲಿನ ವಿಶ್ವಾಸವನ್ನು ಹಿಂಪಡೆದು, ಯುವತಿಯನ್ನು ಗುರುತಿಸುವ ವೈಜ್ಞಾನಿಕ ವಿಧಾನವೊಂದನ್ನು ಹುಡುಕತೊಡಗಿತು. ಅದು ಸಿಕ್ಕಿದ್ದು ಸಮಿತಿಯ ಸಭೆಗೆ ಮಿರ್ಚಿ ಕಟ್ಟಿಕೊಂಡು ಬಂದ ಪತ್ರಿಕೆಯ ಹಾಳೆಯಲ್ಲಿ.

ಆ ಹಾಳೆಯಲ್ಲಿ ‘ಖಾಲಿ ಕಪ್’ ಎಂಬ ಟೀವಿ ಹಾಸ್ಯ ಧಾರಾವಾಹಿಯ ವಿಮರ್ಶೆ ಇತ್ತು. ಮಹಾನಗರದ ಒಂದೇ ಮನೆಯಲ್ಲಿರುವ ನಾಲ್ವರು ಹುಡುಗಿಯರ ಕಥೆ. ಪರದೇಶದಲ್ಲೂ ಪ್ರಶಸ್ತಿ ಬಾಚಿಕೊಂಡಿತ್ತಂತೆ. "ಇಂದಿನ ಪ್ರತಿಯೊಬ್ಬ ಯುವತಿಯೂ ಇದರಲ್ಲಿ ತನ್ನನ್ನೇ ಕಂಡು ನಗುತ್ತಾಳೆ" ಎಂದು ವಿಮರ್ಶಕರು ಬರೆದಿದ್ದರು. ಉಳಿದ ಸಾಲುಗಳಿಗೆ ಎಣ್ಣೆ ಹತ್ತಿತ್ತಾದರೂ ‘ಪ್ರತಿಯೊಬ್ಬ’ ಎಂಬ ಪದ ಸ್ಪಷ್ಟವಾಗಿತ್ತು. ಮರುದಿನ ನಿಲಯದ ಬಾಗಿಲಿಗೆ ಪ್ರಕಟಣೆ ಬಿತ್ತು:

"ಪ್ರವೇಶ ಬಯಸುವವರು ‘ಖಾಲಿ ಕಪ್’ನ ಒಂದು ಕಂತನ್ನು ಮೇಲ್ವಿಚಾರಕರ ಸಮಕ್ಷಮ ವೀಕ್ಷಿಸಿ ಧ್ವನಿಸಹಿತ ನಗತಕ್ಕದ್ದು. ಮುಗುಳ್ನಗೆಯನ್ನು ಪರಿಗಣಿಸಲಾಗುವುದಿಲ್ಲ. ನಗದವರನ್ನು ಯುವತಿಯರಲ್ಲವೆಂದು ತಿಳಿಯತಕ್ಕದ್ದು."

ಎಂಟನೆಯ ಕೋಣೆಯಲ್ಲಿ ಸಮಿತಿ ಅಧ್ಯಕ್ಷರ ಒಣಮೆಣಸಿನಕಾಯಿ ಚೀಲಗಳು ವಾಸವಾಗಿದ್ದವು. ಅವು ನಿಯಮ ಜಾರಿಯಾಗುವ ಮೊದಲೇ ಪ್ರವೇಶ ಪಡೆದಿದ್ದರಿಂದ ಅವಕ್ಕೆ ನಗುವಿನಿಂದ ವಿನಾಯಿತಿ ಇತ್ತು.

ಮೇಲ್ವಿಚಾರಕ ಜಯಂತರಾವ್ ಶಿವರಂಜನಿಯನ್ನು ಟೀವಿಯ ಮುಂದೆ ಕೂಡಿಸಿದರು. "ಹೆದರಬ್ಯಾಡವಾ. ಆರಾಮ ನಗು."

ಪರದೆಯ ಮೇಲೆ ಒಬ್ಬ ಹುಡುಗಿ, ಮ್ಯಾನೇಜರ ದಿನಾ ನಮಸ್ಕಾರ ಹೇಳುತ್ತಾನೆಂದು ಬೇಸತ್ತು ನೌಕರಿ ಬಿಟ್ಟಳು. ಇನ್ನೊಬ್ಬಳು ಬಸ್ಸಿಗಾಗಿ ನಿಂತಿದ್ದಳು. ಬಸ್ಸು ಬಂತು. ಬಾಗಿಲೂ ತೆರೆಯಿತು. ಹುಡುಗಿ ಆಕಾಶ ನೋಡುತ್ತ ನಿಂತಳು. ಬಸ್ಸು ಹೋಯಿತು.

"ಅಯ್ಯ ಶಿವನ! ಬಸ್ ಹೋತಲ್ರೀ!" ಶಿವರಂಜನಿ ಕುರ್ಚಿ ಬಿಟ್ಟು ಎದ್ದೇಬಿಟ್ಟಳು.

"ಅದ ಹಾಸ್ಯ," ಎಂದರು ಜಯಂತರಾವ್.

"ಮತ್ತ ಆಕಿ ಮನಿಗೆ ಹೆಂಗ ಹೋಗ್ತಾಳ್ರಿ?"

"ಹೋಗೂದಿಲ್ಲ. ಅದಕ್ಕ ಪ್ರಶಸ್ತಿ ಬಂದದ."

"ಆ ನೌಕರಿ ಬಿಟ್ಟಾಕಿ ಪಗಾರಾದ್ರೂ ಇಸ್ಗೊಂಡಾಳೇನ್ರಿ?"

ಜಯಂತರಾವ್ ಪೆನ್ನು ತೆಗೆದರು. "ಅಭ್ಯರ್ಥಿಯು ಮರುಗಿದ್ದಾರೆ. ಮರುಕವು ಪ್ರೌಢ ವಯಸ್ಸಿನ ಲಕ್ಷಣ" ಎಂದು ಬರೆದು, ದೊಡ್ಡ ಮನಸ್ಸು ಮಾಡಿ ಮಂಗಳವಾರ ಇನ್ನೊಂದು ಅವಕಾಶ ಕೊಟ್ಟರು.

ಶಿವರಂಜನಿಗೆ ನಾಚಿಕೆಯಾಯಿತು. ಹಾಗಂತ ಅವಳೇನು ಗಂಟುಮೋರೆಯವಳಲ್ಲ. ಬಸ್ಸಿನಲ್ಲಿ ಯಾರದೋ ಕೋಳಿ ಹಾರಿ ಕಂಡಕ್ಟರನ ತಲೆಯ ಮೇಲೆ ಕೂತಾಗ ನಕ್ಕು ನಕ್ಕು ಟಿಕೀಟು ತೆಗೆಸುವುದನ್ನೇ ಮರೆತವಳು. ಅಂಥವಳಿಗೆ, ಜಗತ್ತೆಲ್ಲ ನಕ್ಕದ್ದಕ್ಕೆ ನಗು ಬರಲಿಲ್ಲವೆಂದರೆ ಐಬು ತನ್ನಲ್ಲೇ ಇರಬೇಕು. ಕನ್ನಡಕದ ಅಂಗಡಿಯಲ್ಲಿ ಅವಳ ಜೊತೆ ಕೆಲಸಕ್ಕಿದ್ದ ಕಾಂಚನಾ ಮೊದಲೇ ಪಾಸಾಗಿ ನಿಲಯ ಸೇರಿದ್ದಳು. ಅವಳನ್ನೇ ಕೇಳಿದಳು.

"ಲೇ, ನಂಗೂ ಒಂದಕ್ಷರ ತಿಳೀಲಿಲ್ಲ," ಎಂದಳು ಕಾಂಚನಾ. "ಉಪಾಯ ಹೇಳ್ತೇನಿ ಕೇಳು. ಅವರು ಮಾತಾಡುವಾಗ ನಗಬ್ಯಾಡ. ಮಾತು ನಿಂತು ಎಲ್ಲಾರೂ ಗ್ವಾಡಿ ನೋಡ್ಕೊಂತ ಕುಂಡ್ರತಾರಲ್ಲ, ಆವಾಗ ನಗು. ಹಾಸ್ಯ ಅಲ್ಲೇ ಇರತೈತಿ."

"ಅಲ್ಲೇನೈತಿ ನಗಾಕ?"

"ಹಿಂಗ ಕೇಳಿದ್ರ ನಗು ಬರೂದಿಲ್ಲ ನೋಡು."

ಮಂಗಳವಾರದ ಕಂತಿನಲ್ಲಿ ಹುಡುಗಿಯೊಬ್ಬಳ ಫೋನು ರಿಂಗಾಗುತ್ತಿತ್ತು. ಅವಳ ತಾಯಿಯ ಫೋನು. ಹುಡುಗಿ ಫೋನನ್ನೊಮ್ಮೆ ನೋಡಿ ಗೋಡೆಯತ್ತ ತಿರುಗಿದಳು. ಮಾತು ನಿಂತಿತು. ಇದೇ ಜಾಗ! ಶಿವರಂಜನಿ ಉಸಿರು ಬಿಗಿಹಿಡಿದು ಬಾಯಿ ತೆರೆದಳು.

"ಫೋನ್ ಎತ್ತವಾ ತಂಗಿ, ನಿಮ್ಮವ್ವ ಆವಾಗಿಂದ ಹಚ್ಚಾಕತ್ತಾಳ" ಎಂಬ ಮಾತು ಹೊರಬಿತ್ತು. ಬೆನ್ನಿಗೇ ಕಣ್ಣೀರೂ ಬಂತು.

ಇದೇ ಹೊತ್ತಿಗೆ ಅಂಬುಬಾಯಿಯವರು ಒಳಗೆ ಬಂದರು. ಇವರು ಜಯಂತರಾಯರ ಮೌಶಿ, ಎಪ್ಪತ್ತು ದಾಟಿದವರು, ಇದೇ ಸಮಿತಿಯು ಹುಲಕೋಟಿ ರಸ್ತೆಯಲ್ಲಿ ನಡೆಸುವ ವೃದ್ಧಾಶ್ರಮದ ನಿವಾಸಿ. ಆಶ್ರಮದಲ್ಲಿ ಬಿಸಿನೀರಿಲ್ಲವೆಂದು ವಾರಕ್ಕೊಮ್ಮೆ ಬಂದು ಅಕ್ಕನ ಮಗನನ್ನು ಬೈದು ಹೋಗುವುದು ಅವರ ಪದ್ಧತಿ. ಕಿವಿ ಮಂದ. ಟೀವಿಯ ಒಂದು ಮಾತೂ ಅವರಿಗೆ ಕೇಳಲಿಲ್ಲ. ಕಂಡದ್ದಿಷ್ಟೇ: ಧಡೂತಿ ಜಯಂತ ಪೆನ್ನು ಹಿಡಿದು ಟೀವಿಯನ್ನು ದುರುಗುಟ್ಟುತ್ತಿದ್ದಾನೆ, ಎದುರಿಗೆ ಹುಡುಗಿಯೊಬ್ಬಳು ಟೀವಿಗೆ ಬುದ್ಧಿ ಹೇಳುತ್ತ ಅಳುತ್ತಿದ್ದಾಳೆ. ಅಂಬುಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಸಾಲಲಿಲ್ಲ. ತೊಡೆ ಬಡಿದುಕೊಂಡು ನಕ್ಕರು, ಹಲ್ಲಿನ ಸೆಟ್ಟು ಕೈಗೆ ಬರುವ ಹಾಗೆ ನಕ್ಕರು.

ಜಯಂತರಾವ್ ಬರೆದುಕೊಂಡರು: "ಶ್ರೀಮತಿ ಅಂಬುಬಾಯಿ. ಧ್ವನಿಸಹಿತ ನಕ್ಕಿದ್ದಾರೆ. ಯುವತಿ." ಇವರಿಬ್ಬರ ಸಂಬಂಧ ಕೇವಲ ಕಾಕತಾಳೀಯವೆಂದು ಸಮಿತಿಯು ಅಂದೇ ಸರ್ವಾನುಮತದಿಂದ ಠರಾವು ಪಾಸು ಮಾಡಿತು.

"ಸರ್, ಅಮ್ಮಾರು ಟೀವಿ ನೋಡಿ ನಗಲಿಲ್ರಿ, ನನ್ನ ನೋಡಿ ನಕ್ರು," ಎಂದಳು ಶಿವರಂಜನಿ.

"ಒಬ್ಬಾಕಿ ಯುವತೀನ ನೋಡಿ ನಕ್ಕಾರ. ನಿಯಮಕ್ಕ ಅಷ್ಟ ಸಾಕು."

"ಹಂಗಾರ ನಾ ಯುವತಿ ಅಂತ ಆತಲ್ರೀ!"

"ಮೌಶಿ ನಗುವಾಗ ಇದ್ದಿ. ತೀರ್ಮಾನ ಆದಮ್ಯಾಲೆ ಇಲ್ಲ."

"ಜಯಂತಾ," ಅಂಬುಬಾಯಿ ಕೂಗಿ ಕೇಳಿದರು, "ಇಲ್ಲಿ ಬಿಸಿನೀರು ಎಷ್ಟ ಗಂಟೆಕ್ಕ ಬಿಡ್ತಾರೋ?"

ಜಯಂತರಾವ್ ಕಲ್ಲುಮನಸ್ಸಿನವರಲ್ಲ. ಹುಡುಗಿಯ ಮುಖ ನೋಡಿ ಸಮಾಧಾನ ಹೇಳಿದರು. "ಬೇಜಾರ ಮಾಡ್ಕೋಬ್ಯಾಡ. ಮೌಶಿ ಈಗ ಯುವತಿ ಆದ್ರು, ವೃದ್ಧಾಶ್ರಮದಾಗ ಇರಾಕ ಬರೂದಿಲ್ಲ. ಅವರ ಹಾಸಿಗಿ ಖಾಲಿ ಆತು. ನಿನಗ ಯುವತಿ ಅಲ್ಲ ಅಂತ ಈಗಲೇ ಪ್ರಮಾಣಪತ್ರ ಬರದು ಕೊಡ್ತೇನಿ. ಇಷ್ಟು ಪಕ್ಕಾ ದಾಖಲಾತಿ ಅಲ್ಲಿರೋ ಯಾವ ಮುದುಕೀ ಹತ್ರಾನೂ ಇಲ್ಲ."

ಷರತ್ತು ಒಂದೇ ಇತ್ತು. ಯುವತಿಯರು ವಯಸ್ಸು ಮರೆಮಾಚಿ ವೃದ್ಧಾಶ್ರಮಕ್ಕೆ ನುಸುಳದಂತೆ ಅಲ್ಲಿಯೂ ದಿನಾ ಸಂಜೆ ‘ಖಾಲಿ ಕಪ್’ ಹಚ್ಚಲಾಗುವುದು, ನಕ್ಕವರನ್ನು ತಕ್ಷಣ ಹೊರಹಾಕಲಾಗುವುದು. ಅದರ ಬಗ್ಗೆ ಶಿವರಂಜನಿಗೆ ಚಿಂತೆ ಆಗಲಿಲ್ಲ. ಆ ಧಾರಾವಾಹಿಗೆ ತಾನು ನಗುವುದುಂಟೆ!

ಇದ್ದ ಚಿಂತೆ ಅಪ್ಪನಿಗೆ ಹೇಗೆ ಹೇಳುವುದೆಂಬುದೊಂದೇ. ಸಂಗಪ್ಪ ಕೇಳಿ ಹಿಗ್ಗಿದ. "ವೃದ್ಧಾಶ್ರಮ ಏನು? ಅದಕ್ಕಿಂತ ಮರ್ಯಾದಸ್ತ ಜಾಗಾ ಎಲ್ಲೈತಿ! ಒಬ್ಬ ಪೋರನೂ ಆ ಕಡೆ ಹಾಯೂದಿಲ್ಲ." ಶಿರಹಟ್ಟಿಯವರಿಗೂ ಖಬರು ಮುಟ್ಟಿತು. ಹುಡುಗಿಗೆ ಪಿಂಚಣಿ ಎಷ್ಟು ಬರುತ್ತದೆಂದು ವಿಚಾರಿಸಿ, ಬರುವುದಿಲ್ಲವೆಂದು ತಿಳಿದ ಮೇಲೆ ಡಂಬಳದ ಕಡೆ ಬೇರೆ ಹೆಣ್ಣು ನೋಡಿದರು.

ಹೀಗೆ ಶಿವರಂಜನಿ ವೃದ್ಧೆಯಾಗಿ ನೆಲೆಗೊಂಡಳು. ಪಕ್ಕದ ಹಾಸಿಗೆ ಸುಮಿತ್ರವ್ವನದು. ಆಕೆಯ ಮೂಗಿನ ಮೇಲಿದ್ದದ್ದು ಶಿವರಂಜನಿಯೇ ನಂಬರು ತೆಗೆದು ಕೊಟ್ಟ ಕನ್ನಡಕ. ಮೊದಲ ಸಂಜೆ ಎಲ್ಲರೂ ಗೋಡೆಗೊರಗಿ ಕೂತರು. ವರಾಂಡದಲ್ಲಿ ಆಶ್ರಮದ ಮ್ಯಾನೇಜರ ಕೊಟ್ರೇಶ ಕಿವಿಗೊಟ್ಟು ನಿಂತ. ಪರದೆಯ ಮೇಲೆ ಅದೇ ಹುಡುಗಿ. ಬಸ್ಸು ಬಂತು, ಬಾಗಿಲು ತೆರೆಯಿತು, ಹುಡುಗಿ ಆಕಾಶ ನೋಡಿದಳು, ಬಸ್ಸು ಹೋಯಿತು. ಸುಮಿತ್ರವ್ವ ಲೊಚಗುಟ್ಟಿದಳು.

"ಪಾಪ, ಆಕಿಗೆ ಬೋರ್ಡು ಕಾಣವಲ್ದು. ಬಸ್ ಎದುರಿಗೆ ನಿಂತ್ರ ಮ್ಯಾಲೆ ಹುಡುಕಾಕತ್ತಾಳ. ನಂಬರ್ ಭಾಳ ಬಂದೈತಿ. ರಂಜನೀ, ನಿಮ್ಮ ಅಂಗಡಿಗೆ ಕರ್ಕೊಂಡು ಹೋಗಿ ಒಂದು ಚಾಳೀಸು ಹಾಕಸು ಅದಕ್ಕ."

ಶಿವರಂಜನಿ ತುಟಿ ಕಚ್ಚಿದಳು. ಆಗಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಗಲಿಲ್ಲ. ಹೊಟ್ಟೆಯಿಂದ ಎದ್ದುಬಂದ ನಗು ಕೋಣೆಯ ತುಂಬ ಒಡೆಯಿತು.

"ಯಾರವರು ನಕ್ಕವರು?" ಕೊಟ್ರೇಶ ಬಾಗಿಲಲ್ಲಿ ನಿಂತಿದ್ದ.

ಶಿವರಂಜನಿ ಆಗಲೇ ಲೆಕ್ಕ ಹಾಕಿದಳು: ಕನ್ನಡಕದ ಅಂಗಡಿ ಹೋಯಿತು, ಗಡಿಯಾರ ಕಂಡ ಅಜ್ಜಂದಿರು ಹೋದರು, ಎಲ್ಲ ಹೋಯಿತು.

"ಯಾರು ನಗ್ತಾರೋ ಯಪ್ಪಾ, ಕೆಮ್ಮು ಅದು," ಎಂದಳು ಸುಮಿತ್ರವ್ವ, ಎದೆ ಹಿಡಿದು ಕೆಮ್ಮಿದಳು. ಆಚೆಯ ಮುದುಕಿ ಕೆಮ್ಮಿದಳು. ಅದರಾಚೆಯವಳೂ ಕೆಮ್ಮಿದಳು. ಸಾಲಿಗೆ ಸಾಲೇ ಕಣ್ಣಲ್ಲಿ ನೀರು ಬರುವಂತೆ, ಒಬ್ಬರ ಮೇಲೊಬ್ಬರು ಬಿದ್ದು ಕೆಮ್ಮಿತು.

ಆಶ್ರಮದಲ್ಲಿ ಕೆಮ್ಮು ಹಬ್ಬಿದೆ ಎಂದು ಕೊಟ್ರೇಶ ವರದಿ ಕಳಿಸಿದ. ಸಮಿತಿಯು ಔಷಧ ಮಂಜೂರು ಮಾಡಿತು. ಈಗ ದಿನಾ ಸಂಜೆ ‘ಖಾಲಿ ಕಪ್’ ಶುರುವಾಗುವ ಮೊದಲು ಎಲ್ಲರಿಗೂ ಒಂದೊಂದು ಚಮಚ ಕೊಡಲಾಗುತ್ತದೆ. ಗುಣ ಕಾಣದ್ದರಿಂದ ಇದೀಗ ಎರಡೆರಡು ಚಮಚ ಮಾಡಲಾಗಿದೆ. ಶಿವರಂಜನಿ ತನ್ನ ಪಾಲಿನದನ್ನು ತಕರಾರಿಲ್ಲದೆ ಕುಡಿದು, ಸುಮಿತ್ರವ್ವನ ಪಕ್ಕಕ್ಕೆ ಹೋಗಿ ಕೂರುತ್ತಾಳೆ.