ಸದರಿಯವರು ಯಾರು?

ನ್ಯಾಯಾಲಯದಿಂದ ವಾಪಸು ಬಂದ ವರದಿಯ ಅಂಚಿನಲ್ಲಿ ನ್ಯಾಯಾಧೀಶರು ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ ಕೇಳಿದ್ದರು: ‘ಯಾರು ಯಾರನ್ನು ಹೊಡೆದರು?’

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಠಾಣೆಯ ರೈಟರ್ ಬರೆದಿದ್ದ ವಾಕ್ಯ ಹೀಗಿತ್ತು: ‘ಸದರಿಯವನು ಸದರಿಯವನ ಮನೆಯ ಮುಂದೆ ಸದರಿಯವನನ್ನು ಸದರಿ ಕೋಲಿನಿಂದ ಥಳಿಸಿ, ಸದರಿಯವನು ಪರಾರಿಯಾಗಿರುತ್ತಾನೆ.’ ಈ ವಾಕ್ಯವನ್ನು ನಂಬಿ, ಪೆಟ್ಟು ತಿಂದವನನ್ನು ಲಾಕಪ್ಪಿಗೆ ಹಾಕಿ, ಪೆಟ್ಟು ಕೊಟ್ಟವನನ್ನು ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಅವನೂ ಪೊಲೀಸರ ಮಾತು ತೆಗೆದುಹಾಕಬಾರದೆಂದು ಕೈಗೊಂದು ಪಟ್ಟಿ ಕಟ್ಟಿಸಿಕೊಂಡು ಬಂದಿದ್ದ.

ಠಾಣೆಯಲ್ಲಿ ಬರವಣಿಗೆ ನೋಡಿಕೊಳ್ಳುವ ಪೇದೆಗೆ ರೈಟರ್ ಎನ್ನುವುದು ವಾಡಿಕೆ. ಇವನನ್ನು ಮಾತ್ರ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಎಲ್ಲರಿಗೂ ಇವನು ‘ಸದರಿ’. ಮನೆಯಲ್ಲಿಯೂ ‘ಸದರಿ ಟವೆಲ್ ಎಲ್ಲೇ?’ ಎಂದು ಕೇಳಿ ಹೆಂಡತಿಯಿಂದ ಮಂಗಳಾರತಿ ಮಾಡಿಸಿಕೊಳ್ಳುತ್ತಿದ್ದ. ಹೆಡ್ ಕಾನ್‌ಸ್ಟೇಬಲ್ ಬೆಳಿಗ್ಗೆ ಗೋಡೆಯ ಕಪ್ಪುಹಲಗೆಯ ಮೇಲೆ ಡ್ಯೂಟಿ ಹಾಕುವಾಗಲೂ ‘ಸದರಿ: ಬರವಣಿಗೆ’ ಎಂದೇ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಹೊರಗೆ ಬರುತ್ತಲೇ ಇರಲಿಲ್ಲ.

ವರದಿ ವಾಪಸು ಬಂದ ದಿನವೇ ಇನ್‌ಸ್ಪೆಕ್ಟರ್ ಸಾಹೇಬರು ‘ಸ್ಪಷ್ಟ ಮತ್ತು ಪರಿಣಾಮಕಾರಿ ವರದಿ’ ಎಂಬ ತರಬೇತಿ ಮುಗಿಸಿ ಬಂದಿದ್ದರು. ಹೊಸ ಬೂಟಿನ ಹಾಗೆ ಆ ವಿದ್ಯೆ ಅವರನ್ನು ಕಚ್ಚುತ್ತಿತ್ತು.

“ಯಾರು, ಏನು, ಎಲ್ಲಿ, ಯಾವಾಗ, ಹೇಗೆ! ಇಷ್ಟೇ ಕಣ್ರೀ ವರದಿ ಅಂದ್ರೆ. ಓದಿದೋರಿಗೆ ಕಣ್ಣಿಗೆ ಕಟ್ಟಿದ ಹಾಗಿರಬೇಕು. ಸಂಜೆ ದೊಡ್ಡ ಸಾಹೇಬ್ರು ತಪಾಸಣೆಗೆ ಬರ್ತಾರೆ. ಇವತ್ತಿನ ಒಂದು ವರದೀಲಿ ನಿಮ್ಮ ಆ ದರಿದ್ರ ಪದ ಕಂಡಿತೋ, ನಾಳೆಯಿಂದ ನೀವು ನಾಲ್ಕು ರಸ್ತೆ ಕೂಡೋ ಜಾಗದಲ್ಲಿ ಸೀಟಿ ಊದ್ತಾ ನಿಂತಿರ್ತೀರಿ. ತಿಳೀತಾ ಸದರಿ?”

“ತಿಳೀತು ಸಾರ್,” ಎಂದ. ಮೇಜಿನ ಕೆಳಗೆ ಅವನ ಬಲ ಮೊಣಕಾಲು ಆಗಲೇ ನೋಯತೊಡಗಿತ್ತು. ಒಂದು ಮೆರವಣಿಗೆಯ ನೂಕುನುಗ್ಗಲಿನಲ್ಲಿ ಮುರಿದು, ಅಡ್ಡಾದಿಡ್ಡಿ ಕೂಡಿಕೊಂಡಿದ್ದ ಕಾಲು ಅದು. ಅಳ್ಳಕವಾದ ಆ ಮರದ ಕುರ್ಚಿಯೊಂದೇ ಅವನಿಗೂ ಆ ಕಾಲಿಗೂ ಇದ್ದ ಆಸರೆ.

ಉಪದೇಶ ಮುಗಿಸಿದ ಸಾಹೇಬರು ಅಂಗಳಕ್ಕೆ ಇಳಿದರು. ಡ್ರೈವರ್ ರಜೆಯಲ್ಲಿದ್ದ. ಜೀಪು ಸೊಟ್ಟಗೆ ನಿಂತಿತ್ತು. ದೊಡ್ಡ ಸಾಹೇಬರ ಕಣ್ಣಿಗೆ ಸೊಟ್ಟ ಕಾಣಬಾರದೆಂದು ತಾವೇ ಹತ್ತಿ ಹಿಂದಕ್ಕೆ ತೆಗೆದರು. ತೆಗೆದರು, ಇನ್ನೂ ತೆಗೆದರು, ಗೇಟು ದಾಟಿಯೂ ತೆಗೆದರು. ಢಮಾರ್ ಎಂದು ಸದ್ದಾಯಿತು. ಹಿಂದೆಯೇ ಆಲಿಕಲ್ಲು ಬಿದ್ದಂತೆ ಬೀದಿಯ ತುಂಬ ಕೀಲಿಕೈಗಳು ಉದುರಿದವು.

ಗೇಟಿನಾಚೆ ಕೊಡೆಯ ಕೆಳಗೆ ಕೂತು ನಕಲಿ ಕೀಲಿಕೈ ಮಾಡಿಕೊಡುತ್ತಿದ್ದ ಬೀಗದಕ್ಕನ ಅಂಗಡಿ ಅದು. ಕೊಡೆ ಕಾಲು ಮೇಲಾದ ಕಂತ್ರಿ ನಾಯಿಯ ಹಾಗೆ ಕಡ್ಡಿಗಳನ್ನೆಲ್ಲ ಮೇಲೆ ಮಾಡಿ ಬಿದ್ದಿತ್ತು. ಕೀಲಿ ಕೊರೆಯುವ ಯಂತ್ರ ಚಕ್ರದ ಕೆಳಗೆ ಅಪ್ಪಚ್ಚಿಯಾಗಿತ್ತು. ಅಕ್ಕ ಮಾತ್ರ ನೀರು ತರಲು ಹೋಗಿದ್ದರಿಂದ ಬದುಕಿದ್ದಳು.

ಕೊಡ ಅಲ್ಲೇ ಕುಕ್ಕಿ ಅವಳು ನೇರ ರೈಟರನ ಮೇಜಿಗೆ ಬಂದಳು. “ಅಣ್ಣಾ, ಬರಕೋ. ಆ ಯಂತ್ರ ಇಲ್ದಿದ್ರೆ ನನ್ನ ಒಲೆ ಹತ್ತಲ್ಲ. ಯಾರು ಮುರಿದ್ರೋ ಅವರೇ ಮಾಡಿಸಿಕೊಡ್ಬೇಕು.”

ಅವನು ಪೆನ್ನು ಹಿಡಿದ. ‘ಸ’ ಎಂದು ಬರೆದು ಹೊಡೆದುಹಾಕಿದ. ಮತ್ತೆ ‘ಸ’ ಬಂತು. ಗಾಡಿಯ ಎತ್ತಿನ ಹಾಗೆ ಕೈ ಹಳೇ ದಾರಿಗೇ ಎಳೆಯುತ್ತಿತ್ತು. ಬೆವರು ಕಾಗದದ ಮೇಲೆ ತೊಟ್ಟಿಕ್ಕಿತು.

“ಲೋ ಸದರಿ,” ಹೆಡ್ ಕಾನ್‌ಸ್ಟೇಬಲ್ ಬಗ್ಗಿ ನೋಡಿ ಪಿಸುಗುಟ್ಟಿದರು, “ಹೆಂಡ್ತಿಗೆ ಹೇಳೋ ಹಾಗೆ ಬರಿಯೋ. ಹೆಂಡ್ತೀರ ಹತ್ರ ಸುತ್ತಿ ಬಳಸೋಕೆ ಆಗುತ್ತಾ?”

ಅವನು ಹೆಂಡತಿಗೆ ಫೋನು ಮಾಡಿ, “ಸದರಿ ವಾಹನವು...” ಎಂದು ಶುರು ಮಾಡಿದ.

“ರೀ, ನೆಟ್ಟಗೆ ಹೇಳ್ತೀರೋ ಫೋನ್ ಇಡ್ಲೋ? ಯಾರು ಓಡಿಸ್ತಿದ್ರು?”

“ಸಾಹೇಬ್ರು.”

“ಏನು ಮುರೀತು?”

“ಬೀಗದಕ್ಕನ ಯಂತ್ರ.”

“ತಪ್ಪು ಯಾರದು?”

ಅವನು ಸುತ್ತ ನೋಡಿ, ರಿಸೀವರಿಗೆ ಕೈ ಅಡ್ಡ ಹಿಡಿದು, “ಅವರದೇ,” ಎಂದ.

“ಹಾಗಂತ ಬರೆದು ಮನೆಗೆ ಬನ್ನಿ. ಮಹಾ!”

ಹಾಗಂತಲೇ ಬರೆದ. ‘ಈ ದಿನ ಬೆಳಿಗ್ಗೆ ಠಾಣೆಯ ಗೇಟಿನ ಹೊರಗೆ, ಇನ್‌ಸ್ಪೆಕ್ಟರ್ ಅವರು ತಾವೇ ಜೀಪು ಓಡಿಸುತ್ತ, ಹಿಂದೆ ನೋಡದೆ, ಬೀಗ ರಿಪೇರಿಯ ಹೆಂಗಸಿನ ಅಂಗಡಿಯ ಮೇಲೆ ಹತ್ತಿಸಿದರು. ಆಕೆಯ ಯಂತ್ರ ಮುರಿಯಿತು. ಆಕೆಯ ತಪ್ಪಿಲ್ಲ.’

ಬೀಗದಕ್ಕನಿಗೆ ಓದಿ ಹೇಳಿದ. ಅವಳು ಕೇಳಿ, “ಅಣ್ಣಾ, ಠಾಣೆ ಕಾಗದ ನನಗೂ ಅರ್ಥ ಆಗಿದ್ದು ಇದೇ ಮೊದಲು,” ಎಂದು ಸಹಿ ಹಾಕಿದಳು. ಅವನ ಎದೆ ಉಬ್ಬಿತು. ಇಷ್ಟು ವರ್ಷ ಬರೆದದ್ದೆಲ್ಲ ಗೀಚು, ಬರೆದದ್ದೆಂದರೆ ಇದು!

ಸಾಹೇಬರು ಬೆರಳು ಮಡಚುತ್ತ ಓದಿದರು. “ಯಾವಾಗ, ಇದೆ. ಎಲ್ಲಿ, ಇದೆ. ಭೇಷ್. ಯಾರು...” ಬೆರಳು ಅಲ್ಲೇ ನಿಂತಿತು. ಮುಖ ಸುಣ್ಣ ಬಳಿದ ಗೋಡೆಯಾಯಿತು.

“ಏನ್ರೀ ಇದು! ಇದು ಯಾರಿಗೆ ಬೇಕಾದ್ರೂ ಅರ್ಥ ಆಗಿಬಿಡುತ್ತಲ್ರೀ!”

“ನೀವೇ ಹೇಳಿದ್ರಿ ಸಾರ್, ಕಣ್ಣಿಗೆ ಕಟ್ಟಿದ ಹಾಗೆ...”

“ಯಾರ ಕಣ್ಣಿಗೆ? ದೊಡ್ಡ ಸಾಹೇಬ್ರ ಕಣ್ಣಿಗಾ? ಎಲ್ಲಿ ಹೋಯ್ತು ನಿಮ್ಮ ಸದರಿ?”

“ನೀವೇ ಬೇಡ ಅಂದ್ರಿ ಸಾರ್.”

“ಬೇಡ ಅಂದಿದ್ದು ಊರೋರ ಕೇಸಿಗೆ ಕಣ್ರೀ! ಹಳೇ ಥರಾನೇ ಬರೆದು ತನ್ನಿ. ಇಲ್ಲಾ ಸೀಟಿ ತಗೊಳ್ಳಿ.”

ಮೊಣಕಾಲು ಚುಳ್ ಎಂದಿತು. ಅವನು ಮತ್ತೆ ಕೂತ. ಈ ಸಲ ಪೆನ್ನು ತವರಿಗೆ ಹೊರಟ ಹಾಗೆ ಓಡಿತು: ‘ಸದರಿ ದಿನ ಸದರಿ ವಾಹನವನ್ನು ಸದರಿಯವರು ಹಿಮ್ಮುಖವಾಗಿ ಚಲಾಯಿಸಲಾಗಿ, ಸದರಿ ಸ್ಥಳದಲ್ಲಿ ಸದರಿ ಯಂತ್ರಕ್ಕೆ ಸದರಿಯವರಿಂದ ಜಖಂ ಸಂಭವಿಸಿರುತ್ತದೆ.’

ಬೀದಿಯಲ್ಲಿ ಬಗ್ಗಿ ಕೀಲಿಕೈ ಆರಿಸುತ್ತಿದ್ದ ಬೀಗದಕ್ಕನ ಬಳಿಗೆ ಹೋದ. “ಅಕ್ಕಾ, ಇನ್ನೊಂದು ಸಹಿ.”

“ಅದೇ ತಾನೇ ಅಣ್ಣಾ, ಬೆಳಿಗ್ಗೆ ಓದಿದ್ದು?”

“ಅದೇ,” ಎಂದ. ಅವಳ ಮುಖ ನೋಡಲಿಲ್ಲ. ಅವಳು ಕೂಡ ಕಾಗದ ನೋಡಲಿಲ್ಲ. ಅವನನ್ನೇ ನೋಡಿಕೊಂಡು ಸಹಿ ಹಾಕಿದಳು.

ಸಂಜೆ ದೊಡ್ಡ ಸಾಹೇಬರು ಬಂದರು. ಬಂದವರೇ ಹೊರಗೆ ಚೆಲ್ಲಾಡಿದ್ದ ಕೀಲಿಕೈಗಳನ್ನು ಕಂಡು ವರದಿ ತರಿಸಿದರು. ಒಂದು ಸಲ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು.

“ಯಾರ್ರೀ ಈ ಸದರಿ?”

ಪಾಪ, ಠಾಣೆಯಲ್ಲಿ ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ವರ್ಷಗಳ ಅಭ್ಯಾಸ. ಎಲ್ಲರ ಬೆರಳೂ ಒಟ್ಟಿಗೇ ಎದ್ದು ರೈಟರನತ್ತ ತಿರುಗಿದವು. ಹೆಡ್ ಕಾನ್‌ಸ್ಟೇಬಲ್ ಅಂತೂ, “ಇವನೇ ಸಾರ್, ನೋಡಿ,” ಎಂದು ಕಪ್ಪುಹಲಗೆಯನ್ನೂ ತೋರಿಸಿಬಿಟ್ಟರು.

ಇನ್‌ಸ್ಪೆಕ್ಟರ್ ಸಾಹೇಬರು ಒಂದು ಕ್ಷಣ ಹಲಗೆಯನ್ನು ನೋಡಿದರು. ಆಮೇಲೆ ಒಂದಕ್ಷರವೂ ಸುಳ್ಳಿಲ್ಲದೆ, “ಹೌದು ಸಾರ್, ಸದರಿ ಅಂದ್ರೆ ಇವರೇ,” ಎಂದರು.

“ಬರೆಯೋನಿಗೆ ಜೀಪು ಯಾಕ್ರೀ?” ದೊಡ್ಡ ಸಾಹೇಬರು ಗುಡುಗಿದರು.

“ಸಾರ್, ನಾನಲ್ಲ ಸಾರ್! ನನಗೆ ಸೈಕಲ್ ಬಿಟ್ರೆ ಏನೂ ಓಡಿಸೋಕೆ ಬರಲ್ಲ ಸಾರ್!”

“ಓಹೋ, ಲೈಸೆನ್ಸೂ ಇಲ್ವಾ? ಅದನ್ನೂ ಸೇರಿಸಿ.”

ಅವನು ಕಿಟಕಿಯತ್ತ ತಿರುಗಿದ. “ಅಕ್ಕಾ, ನೀನಾದ್ರೂ ಹೇಳಕ್ಕಾ!”

ಬೀಗದಕ್ಕ ಕಿಟಕಿಯ ಸರಳು ಹಿಡಿದು ನಿಂತಿದ್ದಳು. “ಅವರಲ್ಲ ಸ್ವಾಮಿ! ಇನ್‌ಸ್ಪೆಕ್ಟ್ರು!”

“ಏನಮ್ಮಾ, ಇಲ್ಲಿ ಸದರಿ ಅಂತಿದೆ. ಕೆಳಗೆ ನಿನ್ನದೇ ಸಹಿ ಇದೆ. ಮಾತು ಬದಲಾಯಿಸಿದ್ರೆ ನಿನ್ನ ಮೇಲೂ ಕೇಸಾಗುತ್ತೆ.”

ಅವಳು ರೈಟರನನ್ನು ನೋಡಿದಳು. “ಅದೇ ಅಂದ್ಯಲ್ಲ ಅಣ್ಣಾ,” ಎಂದಳು ಮೆಲ್ಲಗೆ.

ಅವನ ಮೇಲಿನ ವರದಿಯನ್ನು ಯಾರು ಬರೆಯಬೇಕು? ಠಾಣೆಯಲ್ಲಿ ರೈಟರ್ ಇದ್ದದ್ದು ಒಬ್ಬನೇ. “ಕೂತ್ಕೊಂಡು ಬರೀರಿ. ಸ್ಪಷ್ಟವಾಗಿರಲಿ,” ಎಂದು ಹೇಳಿ ದೊಡ್ಡ ಸಾಹೇಬರು ಟೀ ಕುಡಿಯಲು ಕೂತರು.

ಇದೇ ಕೊನೆಯ ಸಲ ಎಂಬಂತೆ ಅವನು ಕುರ್ಚಿಯ ಕೈ ಸವರಿ ಕೂತ. ಹಾಳಾಗಿ ಹೋಗಲಿ, ಆ ಪದ ಇನ್ನು ಈ ಜನ್ಮದಲ್ಲಿ ಬೇಡ ಎಂದುಕೊಂಡು, ‘ಯಾರು’ ಎಂಬಲ್ಲಿ ಅಪ್ಪ ಅಮ್ಮ ಇಟ್ಟ ಹೆಸರನ್ನು ದುಂಡಗೆ, ಬಿಡಿಸಿ ಬಿಡಿಸಿ ಬರೆದ.

ಇನ್‌ಸ್ಪೆಕ್ಟರ್ ಸಾಹೇಬರು ಓದಿ ಹುಬ್ಬು ಗಂಟಿಕ್ಕಿದರು. ಹೆಡ್ ಕಾನ್‌ಸ್ಟೇಬಲ್‌ಗೆ ತೋರಿಸಿದರು. ಅವರೂ ತಲೆ ಕೆರೆದುಕೊಂಡರು.

“ಯಾರ್ರೀ ಇದು? ಈ ಹೆಸರಿನೋರು ನಮ್ಮ ಠಾಣೇಲೇ ಇಲ್ವಲ್ಲ!” ಸಾಹೇಬರು ಕಾಗದವನ್ನು ಅವನ ಮುಂದೆ ಎಸೆದರು. “ಎಷ್ಟು ಸಲ ಹೇಳೋದು ನಿಮಗೆ? ಎಲ್ಲರಿಗೂ ಅರ್ಥ ಆಗೋ ಹಾಗೆ ಬರೀರಿ. ‘ಸದರಿ’ ಅಂತ ಹಾಕಿ.”